ಗುಂಡಿಗೆ ವಾರಸುದಾರರು ಬೇಕಾಗಿದ್ದಾರೆ

ನಮ್ಮ ಊರುಗಳಲ್ಲಿ ಎಲ್ಲದಕ್ಕೂ ಕಾಗದ ಬೇಕು. ಬೀದಿ ಬದಿಯಲ್ಲಿ ಕುಳಿತು ನಾಲ್ಕು ಇಡ್ಲಿ ಬೇಯಿಸಿ ಮಾರುವ ಹೆಂಗಸು ಆಹಾರ ಸುರಕ್ಷತಾ ಕಾಯಿದೆಯಡಿ ಹೆಸರು ನೋಂದಾಯಿಸಿಕೊಳ್ಳಬೇಕು. ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಬಟ್ಟೆಯ ಅಂಗಡಿ ಇಟ್ಟರೆ ಮುನಿಸಿಪಾಲಿಟಿಯ ಲೈಸೆನ್ಸ್ ಬೇಕು. ಮಗಳನ್ನು ಕಾಲೇಜಿಗೆ ಬಿಡಲು ಸ್ಕೂಟಿ ಹೊರಡಿಸಿದರೆ ಡಿ.ಎಲ್., ಆರ್.ಸಿ., ಇನ್ಷೂರೆನ್ಸ್, ಹೊಗೆಯ ಸರ್ಟಿಫಿಕೇಟು, ತಲೆಯ ಮೇಲೆ ಹೆಲ್ಮೆಟ್ಟು. ಇರಲಿ, ಇವೆಲ್ಲ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬ ಮನುಷ್ಯ ಬೆಳಿಗ್ಗೆ ಜೆ.ಸಿ.ಬಿ. ತಂದು ನಿಮ್ಮ ಗೇಟಿನ ಮುಂದೆ ಆಳುದ್ದ ಗುಂಡಿ ತೋಡಿ, ಅದರ ಬದಿಗೆ ಎರಡು ಕಲ್ಲಿಟ್ಟು, ಸಂಜೆಗೆ ಹೊರಟುಹೋದರೆ ‘ನೀನು ಯಾರಪ್ಪ, ನಿನ್ನ ಕಾಗದ ಎಲ್ಲಿ?’ ಎಂದು ಕೇಳುವವರು ಯಾರೂ ಇಲ್ಲ. ಇದು ಯಾವ ನ್ಯಾಯ, ನೀವೇ ಹೇಳಿ.

ಗುಂಡಿ ಎಂದರೆ ಮಳೆಗೆ ಡಾಂಬರು ಕಿತ್ತು ಆದ ಗುಂಡಿಯಲ್ಲ. ಅದರ ಮಾತೇ ಬೇರೆ. ನಾನು ಹೇಳುತ್ತಿರುವುದು ಮನುಷ್ಯರು ಬೇಕೆಂದೇ ತೋಡಿದ ಗುಂಡಿ. ಕುಡಿಯುವ ನೀರಿನ ಪೈಪಿಗೊಂದು, ಒಳಚರಂಡಿಗೊಂದು, ಕರೆಂಟಿನ ಕೇಬಲ್ಲಿಗೊಂದು, ಇಂಟರ್‌ನೆಟ್ಟಿನ ಹಳದಿಯೋ ನೀಲಿಯೋ ಕೊಳವೆಗೊಂದು. ಮಂಡ್ಯ, ಮದ್ದೂರು, ಮಳವಳ್ಳಿ, ಯಾವ ಊರಿನ ಹೆಂಗಸನ್ನು ಕೇಳಿದರೂ ಒಂದೇ ಕತೆ. ರಸ್ತೆಗೆ ಡಾಂಬರು ಬಿದ್ದ ತಿಂಗಳಿಗೆ ಸರಿಯಾಗಿ ಅಗೆಯುವವರು ಬರುತ್ತಾರೆ. ಅವರು ಮಣ್ಣು ಮುಚ್ಚಿ ಹೋದ ಮೇಲೆ ಇನ್ನೊಂದು ಇಲಾಖೆಯವರು ಬರುತ್ತಾರೆ. ನಾವು ಇದನ್ನು ಹಾಸ್ಯ ಮಾಡಿ ನಕ್ಕು ಸುಮ್ಮನಾಗುತ್ತೇವೆ. ಬಿದ್ದವರಿಗೆ ಮಾತ್ರ ನಗು ಬರುವುದಿಲ್ಲ.

ಬೀಳುವವರು ಯಾರು ಎಂಬುದನ್ನೂ ನೋಡಬೇಕು. ಕಾರಿನಲ್ಲಿ ಹೋಗುವ ಗಂಡಸರು ಹೆಚ್ಚಾಗಿ ಬೀಳುವುದಿಲ್ಲ. ಬೆಳಕು ಹರಿಯುವ ಮುಂಚೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಹೊರಬರುವವರು ನಾವು. ಹಾಲಿಗೆ ಹೋಗುವವರು ನಾವು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಊಟದ ಚೀಲ ಹಿಡಿದು ಸ್ಕೂಲ್ ವ್ಯಾನಿನವರೆಗೆ ನಡೆಯುವವರು ನಾವು. ಸಂಜೆ ದೀಪ ಹಚ್ಚುವ ಹೊತ್ತಿಗೆ ದೇವಸ್ಥಾನಕ್ಕೋ ತರಕಾರಿಗೋ ಹೋಗುವವರೂ ನಾವೇ, ನಮ್ಮ ಅತ್ತೆಯರೇ, ನಮ್ಮ ತಾಯಂದಿರೇ.

ನನಗೆ ಪರಿಚಯದ ಒಬ್ಬ ನಿವೃತ್ತ ಉಪಾಧ್ಯಾಯಿನಿ ಇದ್ದಾರೆ. ಊರಿನ ಹೆಸರು, ಕಚೇರಿಯ ಹೆಸರು ಬೇಡ. ಕರೆಂಟು ಹೋಗಿದ್ದ ಒಂದು ಸಂಜೆ ಮೊಮ್ಮಗನಿಗೆ ಬ್ರೆಡ್ಡು ತರಲು ಹೊರಟವರು ಮನೆಯಿಂದ ಹತ್ತು ಹೆಜ್ಜೆಯ ಮೇಲೆ ತೋಡಿದ್ದ ಕಾಲುವೆಗೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮರುದಿನ ಅವರ ಮಗಳು ಕೇಳಲು ಹೋದಳು. ನೀರಿನವರು ‘ಅದು ನಮ್ಮದಲ್ಲ, ಕೇಬಲ್ಲಿನವರದು’ ಎಂದರು. ಕೇಬಲ್ಲಿನವರು ‘ನಮ್ಮ ಕಂಪನಿ ಗುತ್ತಿಗೆ ಕೊಟ್ಟಿದೆ’ ಎಂದರು. ಗುತ್ತಿಗೆದಾರ ‘ನಾನು ಸಬ್ ಕಂಟ್ರಾಕ್ಟ್ ಕೊಟ್ಟಿದ್ದೇನೆ’ ಎಂದ. ಆ ಸಬ್ ಕಂಟ್ರಾಕ್ಟರನ ಫೋನು ಸ್ವಿಚ್ ಆಫ್. ಕೊನೆಗೆ ಸಿಕ್ಕಿದವನು ಮೇಸ್ತ್ರಿ. ‘ನಾವು ಕೂಲಿ ಮಾಡೋರು ಕಣಕ್ಕೋ, ಅಗೀರಿ ಅಂದ್ರು ಅಗುದ್ವಿ, ನಮ್ಮನ್ನ ಕೇಳುದ್ರೆ ಏನ್ ಮಾಡಾಕಾಯ್ತದೆ?’ ಎಂದ. ಅವನು ಹೇಳಿದ್ದು ನಿಜವೇ. ಕಚೇರಿಯಲ್ಲಿ ‘ಒಂದು ಅರ್ಜಿ ಕೊಟ್ಟು ಹೋಗಿ ಮೇಡಂ’ ಎಂದರು. ಆಪರೇಷನ್ನಿಗೆ ಮಗಳ ಬಳೆ ಗಿರವಿಗೆ ಹೋಯಿತು. ಐದು ಜನರ ಕೈ ದಾಟಿ ಬಂದ ಗುಂಡಿಗೆ ಒಬ್ಬನೂ ವಾರಸುದಾರನಿರಲಿಲ್ಲ.

ನಮ್ಮ ಜಿಲ್ಲೆಗೆ ಈ ವಿದ್ಯೆ ಹೊಸದೆಂದು ಯಾರೂ ನೆಪ ಹೇಳುವ ಹಾಗಿಲ್ಲ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಚ್ಚಿತು. ಅದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಲ್ಲಿ ಕಾವೇರಿಯ ನೀರು ದೊಡ್ಡ ಕೊಳವೆಗಳಲ್ಲಿ ಬೆಂಗಳೂರಿಗೆ ಹೊರಟಿತು. ಐದನೆಯ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ. ನಾಡಿಗೆಲ್ಲ ನೀರು, ಬೆಳಕು ಕಳಿಸಿದ ನೆಲ ನಮ್ಮದು. ಆ ನೆಲದ ಪೇಟೆಬೀದಿಯಲ್ಲಿ ಮೂರಡಿ ಕಾಲುವೆ ತೋಡಿ ಕ್ಷೇಮವಾಗಿ ಮುಚ್ಚಲು ಬರುವುದಿಲ್ಲವೆಂದರೆ ನಂಬಬೇಕೆ? ವಿದ್ಯೆ ಇದೆ. ಇಲ್ಲದಿರುವುದು ಹೊಣೆ.

‘ಲೈಸೆನ್ಸ್ ಇಲ್ಲದೆ ಯಾರೂ ಕೆಲಸ ಮಾಡುವುದಿಲ್ಲವಮ್ಮ’ ಎಂದು ಕಚೇರಿಗಳಲ್ಲಿ ಹೇಳುತ್ತಾರೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಲೋಕೋಪಯೋಗಿ ಇಲಾಖೆಯಲ್ಲಿ ಗುತ್ತಿಗೆದಾರರನ್ನು ಒಂದನೆಯ ದರ್ಜೆ, ಎರಡನೆಯ ದರ್ಜೆ ಎಂದು ನೋಂದಾಯಿಸುತ್ತಾರೆ. ಎಷ್ಟು ಹಣದ ಕೆಲಸ ಹಿಡಿಯಬಹುದು ಎಂಬುದಕ್ಕೆ ಆ ದರ್ಜೆ. ವಿದ್ಯುತ್ ಕೆಲಸಕ್ಕೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ಲೈಸೆನ್ಸ್ ಇದೆ. ಇದು ಕೆಲಸ ಬಲ್ಲವನೇ ಎಂಬುದನ್ನು ನೋಡುತ್ತದೆ, ಒಳ್ಳೆಯದು. ಮನೆಗೆ ನಲ್ಲಿ ಹಾಕಿಸಲು ಲೈಸೆನ್ಸ್ ಪಡೆದ ಪ್ಲಂಬರ್ ಬೇಕೆನ್ನುತ್ತಾರೆ. ಆದರೆ ಈ ಯಾವ ಕಾಗದವೂ ನಿಮ್ಮ ಬೀದಿಯಲ್ಲಿ ಗುದ್ದಲಿ ಹಿಡಿದು ನಿಂತವನ ಹತ್ತಿರ ಇರುವುದಿಲ್ಲ. ಕಾಗದ ಇರುವವನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ಅವನ ಹೆಸರಿನಲ್ಲಿ ಟೆಂಡರು, ಇವನ ಕೈಯಲ್ಲಿ ಗುದ್ದಲಿ. ಮದುವೆಯ ಅಡುಗೆಗೆ ಹೆಸರಾಂತ ಭಟ್ಟರ ಹೆಸರು ಹೇಳಿ ಮುಂಗಡ ತೆಗೆದುಕೊಂಡು, ಅಡುಗೆಗೆ ನಿನ್ನೆ ಸೌಟು ಹಿಡಿದ ಹುಡುಗನನ್ನು ಕಳಿಸಿದ ಹಾಗೆ.

ಕಾರ್ಮಿಕ ಕಾನೂನು ಈ ತೂತನ್ನು ಮುಚ್ಚಬಹುದಿತ್ತು. ಮುಚ್ಚಿಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯ ಪ್ರಕಾರ 20 ಅಥವಾ ಹೆಚ್ಚು ಜನರನ್ನು ಇಟ್ಟುಕೊಂಡ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಸಂಖ್ಯೆ 50ಕ್ಕೆ ಏರಿತು. ನಮ್ಮ ಬೀದಿಗೆ ಬರುವ ಗುಂಪು ಎಷ್ಟು ಜನರದ್ದು? ಎಂಟು, ಹತ್ತು, ಬಹಳವೆಂದರೆ ಹದಿನೈದು. ಅಂದರೆ ಆ ಬಾಗಿಲಿನಿಂದ ಇವರನ್ನು ಕೇಳುವವರೇ ಇಲ್ಲ. ಉಳಿದಿರುವುದು ಒಂದೇ ಬಾಗಿಲು, ಮುನಿಸಿಪಾಲಿಟಿಯದು. 1964ರ ಕರ್ನಾಟಕ ಪೌರಸಭೆಗಳ ಕಾಯಿದೆಯಲ್ಲಿ ಊರಿನ ಸಾರ್ವಜನಿಕ ಬೀದಿಗಳನ್ನು ಪೌರಸಭೆಯ ವಶಕ್ಕೆ ಕೊಟ್ಟಿದೆ. ಬೀದಿ ಯಾರದೋ ಅಗೆಯಲು ಅಪ್ಪಣೆ ಕೊಡುವವರೂ ಅವರೇ. ಅಪ್ಪಣೆ ಕೊಡುವ ದಿನ ಮೇಜಿನ ಮೇಲೆ ಏನೇನು ಕಾಗದ ಇಡಬೇಕು ಎಂದು ಹೇಳುವ ಅಧಿಕಾರವನ್ನು ಅವರು ಬಳಸಬೇಕು. ನನ್ನ ವಾದವೆಲ್ಲ ಇಷ್ಟೇ.

ಆ ಕಾಗದಗಳಲ್ಲಿ ಮುಖ್ಯವಾದದ್ದು ವಿಮೆ. ವಿಮೆ ಎಂದ ಕೂಡಲೇ ನಮಗೆ ಎಲ್.ಐ.ಸಿ. ಏಜೆಂಟರು ನೆನಪಾಗುತ್ತಾರೆ. ಇದು ಅದಲ್ಲ. ನಿಮ್ಮ ಸ್ಕೂಟಿಗೆ ‘ಥರ್ಡ್ ಪಾರ್ಟಿ’ ಎಂದು ಕಟ್ಟುತ್ತೀರಲ್ಲ, ಅಂಥದ್ದು. ನಿಮ್ಮ ಗಾಡಿ ಬೇರೆಯವರಿಗೆ ತಾಗಿ ಅವರಿಗೆ ಪೆಟ್ಟಾದರೆ ವಿಮಾ ಕಂಪನಿ ಅವರಿಗೆ ಹಣ ಕೊಡುತ್ತದೆ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಇದು ಕಡ್ಡಾಯ. ನಿಮಗೆ ದುಡ್ಡಿದೆಯೋ ಇಲ್ಲವೋ, ನೀವು ಒಳ್ಳೆಯವರೋ ಕೆಟ್ಟವರೋ, ಪೆಟ್ಟು ತಿಂದವನಿಗೆ ಅದರ ಚಿಂತೆ ಇರಬಾರದು ಎಂಬುದು ಅದರ ಹಿಂದಿನ ವಿವೇಕ. ನೂರು ಕಿಲೋ ತೂಕದ ಸ್ಕೂಟಿಗೆ ಈ ವಿವೇಕ ಬೇಕು, ನೂರು ಅಡಿ ಉದ್ದದ ಕಾಲುವೆಗೆ ಬೇಡವೇ? ಭೋಪಾಲದ ದುರಂತದ ಅನಂತರ 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆ ಬಂತು. ಅದು ಅಪಾಯಕಾರಿ ರಾಸಾಯನಿಕಗಳನ್ನು ಇಟ್ಟುಕೊಂಡವರಿಗೆ ಮಾತ್ರ. ರಸ್ತೆ ಅಗೆಯುವವನಿಗೆ ಅಂಥ ಕಡ್ಡಾಯವಿಲ್ಲ.

ಹಾಗೆಂದು ಇಂಥ ಪಾಲಿಸಿ ಸಿಗುವುದೇ ಇಲ್ಲವೆಂದಲ್ಲ. ಗುತ್ತಿಗೆ ಕೆಲಸಕ್ಕೆಂದೇ ವಿಮಾ ಕಂಪನಿಗಳು ಪಾಲಿಸಿ ಕೊಡುತ್ತವೆ. ಕೆಲಸಕ್ಕೆ ಆಗುವ ಹಾನಿಯ ಜೊತೆಗೆ ದಾರಿಹೋಕರಿಗೆ, ಅಕ್ಕಪಕ್ಕದ ಮನೆಗೆ ಆಗುವ ಹಾನಿಯನ್ನೂ ಸೇರಿಸಬಹುದು. ಕೂಲಿಯವರಿಗೆ ಪ್ರತ್ಯೇಕ ಪಾಲಿಸಿ ಇದೆ. ದೊಡ್ಡ ಟೆಂಡರುಗಳ ಕರಾರಿನಲ್ಲಿ ವಿಮೆಯ ಕಲಮು ಇರುತ್ತದೆ. ಮೊದಲ ದಿನ ಒಂದು ಪ್ರತಿ ಫೈಲಿಗೆ ಸೇರುತ್ತದೆ. ಕೆಲಸ ಎಳೆದು ಎಳೆದು ಎರಡು ವರ್ಷವಾದಾಗ ಆ ಪಾಲಿಸಿ ಜೀವಂತವಾಗಿದೆಯೋ ಸತ್ತಿದೆಯೋ ಎಂದು ನೋಡುವವರು ಯಾರು? ಇನ್ನು ತುಂಡುಗುತ್ತಿಗೆಯ ಸಣ್ಣ ಕೆಲಸಗಳಲ್ಲಿ, ಖಾಸಗಿ ಕೇಬಲ್ಲಿನವರ ಕೆಲಸಗಳಲ್ಲಿ ಈ ಮಾತೇ ಏಳುವುದಿಲ್ಲ. ನಮ್ಮ ಬೀದಿಯ ಮುಕ್ಕಾಲು ಗುಂಡಿ ಆ ಜಾತಿಯವೇ.

ಕೂಲಿಯವರ ಮಾತು ಬಂತು. ಕೇಬಲ್ಲಿನ ಕಾಲುವೆ ತೋಡಲು ದೂರದ ಊರುಗಳಿಂದ ಸಂಸಾರ ಸಮೇತ ಬರುತ್ತಾರೆ. ಮರದ ಕೊಂಬೆಗೆ ಸೀರೆಯ ಜೋಳಿಗೆ ಕಟ್ಟಿ ಮಗುವನ್ನು ಮಲಗಿಸಿ, ತಾಯಿ ಕಾಲುವೆಯೊಳಗಿಂದ ಮಣ್ಣು ಎತ್ತಿ ಹಾಕುತ್ತಿರುತ್ತಾಳೆ. ಗೋಡೆಯ ಮಣ್ಣು ಕುಸಿದರೆ, ಗುದ್ದಲಿ ನೆಲದೊಳಗಿನ ಕರೆಂಟಿನ ಕೇಬಲ್ಲಿಗೆ ತಾಗಿದರೆ, ಮೊದಲು ಹೋಗುವುದು ಅವಳ ಪ್ರಾಣ. 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯಲ್ಲಿ ಒಂದು ಒಳ್ಳೆಯ ಮಾತಿತ್ತು. ಗುತ್ತಿಗೆದಾರನ ಕೂಲಿಯವನಿಗೆ ಅಪಘಾತವಾದರೆ ಆ ಕೆಲಸ ಮಾಡಿಸುತ್ತಿರುವ ಮೂಲ ಮಾಲೀಕನೇ ಪರಿಹಾರ ಕೊಡಬೇಕು, ಆಮೇಲೆ ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು ಎಂದು. ಆ ಕಾಯಿದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಮಾತು ಉಳಿದಿದೆ. ಮಾಲೀಕ ಮುನಿಸಿಪಾಲಿಟಿಯಾದರೆ ಕೊಡುವ ಹಣ ಯಾರದು? ನೀವು ನಾವು ಕಟ್ಟಿದ ಮನೆ ಕಂದಾಯದ್ದು. ಗುತ್ತಿಗೆದಾರನಿಂದ ವಿಮೆ ಕೇಳದ ಅಧಿಕಾರಿ ಅವನಿಗೆ ಉಪಕಾರ ಮಾಡುತ್ತಿರುವುದು ತನ್ನ ಜೇಬಿನಿಂದಲ್ಲ, ನಮ್ಮ ಸೆರಗಿನ ಗಂಟಿನಿಂದ.

ಒಳಚರಂಡಿಯ ಕತೆ ಇದಕ್ಕಿಂತ ಕಹಿ. 2013ರ ಕಾಯಿದೆ ಮನುಷ್ಯನನ್ನು ರಕ್ಷಣೆಯಿಲ್ಲದೆ ಮ್ಯಾನ್‌ಹೋಲಿಗೆ ಇಳಿಸಬಾರದೆಂದು ಹೇಳಿತು. 2014ರಲ್ಲಿ ಸುಪ್ರೀಂ ಕೋರ್ಟು, ಹಾಗೆ ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2020ರ ನವೆಂಬರಿನಲ್ಲಿ ನಮ್ಮ ಮದ್ದೂರಿನಲ್ಲೇ ಪೌರಕಾರ್ಮಿಕರೊಬ್ಬರು ಪ್ರಾಣ ಕಳೆದುಕೊಂಡರು; ಅವರನ್ನು ಮ್ಯಾನ್‌ಹೋಲಿಗೆ ಇಳಿಸಿದ್ದರು, ಅನಂತರ ಕಿರುಕುಳವಾಯಿತು ಎಂಬ ಆರೋಪ ರಾಜ್ಯಕ್ಕೆಲ್ಲ ಕೇಳಿಸಿತು. 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟು ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಹೊರಗುತ್ತಿಗೆಯ ಕೆಲಸದಲ್ಲಿ ಸಾವಾದರೆ ಗುತ್ತಿಗೆ ರದ್ದಾಗಬೇಕು, ಗುತ್ತಿಗೆದಾರನ ಮೇಲೆ ಹಣದ ಹೊಣೆ ಬೀಳಬೇಕು, ಅದಕ್ಕೆ ವ್ಯವಸ್ಥೆ ಮಾಡಿ ಎಂದೂ ಹೇಳಿತು. ದೇಶದ ದೊಡ್ಡ ನ್ಯಾಯಾಲಯವೇ ಗುತ್ತಿಗೆದಾರನ ಹೊಣೆಯನ್ನು ಹೆಸರಿಟ್ಟು ಹೇಳಿದ ಮೇಲೂ ನಮ್ಮ ಊರಿನ ಅಪ್ಪಣೆ ಪತ್ರದಲ್ಲಿ ಅದಕ್ಕೊಂದು ಸಾಲು ಇಲ್ಲದಿದ್ದರೆ ಏನೆನ್ನೋಣ?

2023ರ ನವೆಂಬರ್ 19ರ ಬೆಳಗಿನ ಜಾವ ಬೆಂಗಳೂರಿನ ಕಾಡುಗೋಡಿಯ ಹತ್ತಿರ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ಒಬ್ಬ ತಾಯಿ ಮತ್ತು ಅವಳ ಒಂಬತ್ತು ತಿಂಗಳ ಕೂಸು ಸತ್ತರು. ಅಲ್ಲಿ ತಂತಿ ಬೆಸ್ಕಾಂನದೆಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಅಧಿಕಾರಿಗಳು ಅಮಾನತಾದರು, ಪರಿಹಾರ ಘೋಷಣೆಯಾಯಿತು. ಹೋದ ಜೀವ ಬರಲಿಲ್ಲ, ಆದರೂ ಕೇಳಲು ಒಂದು ಬಾಗಿಲಿತ್ತು. ಮೂರು ಕೈ ದಾಟಿದ ಗುತ್ತಿಗೆಯ ಗುಂಡಿಗೆ ಆ ಬಾಗಿಲೂ ಇಲ್ಲ. 2025ರ ಅಕ್ಟೋಬರಿನಲ್ಲಿ ಬೊಂಬಾಯಿ ಹೈಕೋರ್ಟು, ರಸ್ತೆ ಗುಂಡಿ ಅಥವಾ ತೆರೆದ ಮ್ಯಾನ್‌ಹೋಲಿನಿಂದ ಸತ್ತವರ ಮನೆಯವರಿಗೆ 6 ಲಕ್ಷ, ಗಾಯಗೊಂಡವರಿಗೆ 50 ಸಾವಿರದಿಂದ ಎರಡೂವರೆ ಲಕ್ಷದವರೆಗೆ ಕೊಡಬೇಕೆಂದು ಆಜ್ಞೆ ಮಾಡಿತು. ಸಂತೋಷ. ಆದರೆ ಕೋರ್ಟಿನ ಮೆಟ್ಟಿಲು ಹತ್ತಲು ಮುರಿದ ಸೊಂಟಕ್ಕೆ ಆಗುವುದಿಲ್ಲ. ಪಾಲಿಸಿ ನಂಬರೊಂದು ಕೈಯಲ್ಲಿದ್ದರೆ ಯಾರಿಗೆ ಕಾಗದ ಬರೆಯಬೇಕೆಂಬುದಾದರೂ ತಿಳಿಯುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು: ‘ಇನ್ನೊಂದು ಲೈಸೆನ್ಸ್ ಎಂದರೆ ಇನ್ನೊಂದು ಮೇಜು, ಇನ್ನೊಂದು ಲಂಚ.’ ಈ ಮಾತನ್ನು ತಳ್ಳಿಹಾಕಲಾಗುವುದಿಲ್ಲ, ನಾವೆಲ್ಲ ಅನುಭವಿಸಿದವರೇ. ಆದರೆ ಲಂಚ ಬೆಳೆಯುವುದು ಕತ್ತಲಲ್ಲಿ. ಯಾವ ಕಾಗದ ಬೇಕೆಂದು ಕಚೇರಿಯ ಗೋಡೆಯ ಮೇಲೆ ಬರೆದು, ಕೊಟ್ಟ ಕಾಗದದ ವಿವರವನ್ನು ಕೆಲಸದ ಜಾಗದಲ್ಲೇ ಬೋರ್ಡಿನ ಮೇಲೆ ಹಾಕಿದರೆ ಗುಮಾಸ್ತನಿಗೆ ‘ನೋಡೋಣ’ ಎನ್ನಲು ಜಾಗ ಉಳಿಯುವುದಿಲ್ಲ. ವಿಮೆಯನ್ನು ಕೊಡುವುದೂ ಮುನಿಸಿಪಾಲಿಟಿಯಲ್ಲ, ವಿಮಾ ಕಂಪನಿ.

ಎರಡನೆಯದು: ‘ನಮ್ಮೂರಿನ ಸಣ್ಣ ಹುಡುಗರು ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದಾರೆ, ಅವರ ಹೊಟ್ಟೆಯ ಮೇಲೆ ಹೊಡೆಯಬೇಡಿ.’ ನಮ್ಮ ತಮ್ಮಂದಿರ ಅನ್ನ ಕೀಳುವ ಆಸೆ ನನಗೇಕೆ? ವಿಮೆಯ ಕಂತನ್ನು ಕೆಲಸದ ಅಂದಾಜು ಪಟ್ಟಿಯಲ್ಲೇ ಒಂದು ಬಾಬ್ತಾಗಿ ಸೇರಿಸಲಿ. ಇಲ್ಲವೇ ಮುನಿಸಿಪಾಲಿಟಿಯೇ ವರ್ಷಕ್ಕೊಮ್ಮೆ ಎಲ್ಲ ಸಣ್ಣ ಕೆಲಸಗಳಿಗೂ ಸೇರಿಸಿ ಒಂದು ಪಾಲಿಸಿ ಮಾಡಿಸಿ, ಅವರವರ ಬಿಲ್ಲಿನಲ್ಲಿ ಪಾಲು ಹಿಡಿದುಕೊಳ್ಳಲಿ. ಸಿಮೆಂಟಿಗೆ, ಜಲ್ಲಿಗೆ ದರ ಕಟ್ಟುವವರು ಮನುಷ್ಯರ ಕೈಕಾಲಿಗೆ ಒಂದು ದರ ಕಟ್ಟಲಾರರೇ? ಒಂದು ಅಪಘಾತವಾದರೆ ಆ ಸಣ್ಣ ಹುಡುಗನೇ ಅಲ್ಲವೇ ಮನೆ ಮಾರಿಕೊಳ್ಳುವುದು, ಇಲ್ಲವೇ ಊರು ಬಿಟ್ಟು ಓಡಿಹೋಗುವುದು? ವಿಮೆ ಅವನಿಗೂ ರಕ್ಷೆ.

ಮೂರನೆಯದು: ‘ಇಷ್ಟೆಲ್ಲ ಕೇಳಿದರೆ ಕೆಲಸ ತಡವಾಗುತ್ತದೆ, ನಿಮಗೇ ನೀರು ಬರುವುದು ತಡವಾಗುತ್ತದೆ.’ ನೀರಿಗಾಗಿ ಬಿಂದಿಗೆ ಹಿಡಿದು ಕಾದವರಿಗೆ ಈ ಬೆದರಿಕೆ ಬೇಡ. ತಿಂಗಳುಗಟ್ಟಲೆ ಬಾಯ್ದೆರೆದು ಬಿದ್ದಿರುವ ಕಾಲುವೆಗಳನ್ನು ನೋಡಿದವರಿಗೆ, ಒಂದು ಕಾಗದ ತೋರಿಸುವ ಅರ್ಧ ಗಂಟೆ ದೊಡ್ಡದಲ್ಲ.

ಹಾಗಾದರೆ ಏನು ಮಾಡಬೇಕು? ನಾಲ್ಕೇ ಮಾತು. ಬೀದಿ ಅಗೆಯುವ ಯಾರೇ ಆಗಲಿ, ಸರ್ಕಾರಿ ನಿಗಮವಾಗಲಿ ಖಾಸಗಿ ಕಂಪನಿಯಾಗಲಿ, ಅಪ್ಪಣೆಗೆ ಮುಂಚೆ ನಿಜವಾಗಿ ಅಗೆಯುವ ಉಪಗುತ್ತಿಗೆದಾರನ ಹೆಸರು, ಲೈಸೆನ್ಸ್, ಚಾಲ್ತಿಯಲ್ಲಿರುವ ಎರಡೂ ವಿಮೆ ತೋರಿಸಬೇಕು. ಕೆಲಸದ ಜಾಗದಲ್ಲಿ ಕನ್ನಡದಲ್ಲಿ ಬೋರ್ಡು ಇರಬೇಕು: ಯಾರ ಕೆಲಸ, ಯಾವ ಪಾಲಿಸಿ, ಯಾವ ದಿನದವರೆಗೆ, ಯಾರಿಗೆ ಫೋನು ಮಾಡಬೇಕು. ರಾತ್ರಿ ಅಡ್ಡಪಟ್ಟಿ, ಕೆಂಪು ದೀಪ ಇಲ್ಲದಿದ್ದರೆ ಅಂದೇ ದಂಡ. ಗುಂಡಿ ಮುಚ್ಚಿ ರಸ್ತೆ ಮೊದಲಿನಂತಾಗುವವರೆಗೆ ಠೇವಣಿ ವಾಪಸು ಇಲ್ಲ, ಬಿಲ್ಲೂ ಇಲ್ಲ. ನೆಲದೊಳಗೆ ಯಾರ ಕೇಬಲ್ಲಿದೆ ಎಂದು ಅಗೆಯುವ ಮುಂಚೆ ತಿಳಿದುಕೊಳ್ಳಲು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ವ್ಯವಸ್ಥೆಯನ್ನೇ ತಂದಿತು. ಅಗೆತದಿಂದ ಕೇಬಲ್ಲು ಹಾಳಾಗಿ ವರ್ಷಕ್ಕೆ ಸುಮಾರು 3,000 ಕೋಟಿ ನಷ್ಟವೆಂದು ಲೆಕ್ಕ ಕೊಟ್ಟಿತು. ಕೇಬಲ್ಲಿಗೆ ಲೆಕ್ಕವಿದೆ. ನಮ್ಮ ಮೂಳೆಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಇದನ್ನು ಕೇಳಬೇಕಾದವರು ನಾವೇ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಪೌರಸಂಸ್ಥೆಗಳಲ್ಲಿ ಹೆಂಗಸರಿಗೆ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದಂತೆ ಸ್ಥಾನ ಕೊಟ್ಟಿತು. ಗಂಡನನ್ನು ಮೀಟಿಂಗಿಗೆ ಕಳಿಸಲು ಆ ಸ್ಥಾನ ಬಂದಿಲ್ಲ. ನಿಮ್ಮ ವಾರ್ಡಿನಿಂದ ಆರಿಸಿ ಬಂದ ಅಕ್ಕನಿಗೆ ಹೇಳಿ, ‘ಅಕ್ಕಾ, ಈ ಸಲ ಈ ಒಂದು ಠರಾವು ಮಾಡಿಸಿ’ ಎಂದು. ನಿಮ್ಮ ಸ್ತ್ರೀಶಕ್ತಿ ಸಂಘದ ಮುಂದಿನ ಸಭೆಯಲ್ಲಿ ಸಾಲದ ಕಂತಿನ ಲೆಕ್ಕವಾದ ಮೇಲೆ ಹತ್ತು ನಿಮಿಷ ಇದಕ್ಕೆ ಕೊಡಿ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಕಟ್ಟಿ ಒಂದು ಅರ್ಜಿ ಹಾಕಿ: ನಮ್ಮ ಬೀದಿಯಲ್ಲಿ ಅಗೆದವರು ಯಾರು, ಅವರ ವಿಮೆಯ ಪ್ರತಿ ಕೊಡಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ‘ಅಂಥ ದಾಖಲೆ ಇಲ್ಲ’ ಎಂದು ಬರೆದು ಕೊಟ್ಟರೂ ಚಿಂತೆಯಿಲ್ಲ. ಆ ಸಾಲೇ ನಿಮ್ಮ ಕೈಯಲ್ಲಿ ದೊಡ್ಡ ದಾಖಲೆ.

2018ರ ನವೆಂಬರಿನಲ್ಲಿ ಪಾಂಡವಪುರದ ಕನಗನಮರಡಿಯ ಹತ್ತಿರ ವಿ.ಸಿ. ನಾಲೆಗೆ ಬಸ್ಸು ಬಿದ್ದು 30 ಜನ ಸತ್ತರು. ಅಂದು ಜಿಲ್ಲೆಯಲ್ಲೆಲ್ಲ ತಡೆಗೋಡೆಯ ಮಾತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ನಮಗೆ ಅಭ್ಯಾಸವಾಗಿದೆ. ಈ ಒಂದು ವಿಷಯದಲ್ಲಾದರೂ ಬಾಗಿಲನ್ನು ಮುಂಚೆ ಹಾಕೋಣ. ನಾಳೆ ಬೆಳಿಗ್ಗೆ ನಿಮ್ಮ ಬೀದಿಗೆ ಜೆ.ಸಿ.ಬಿ. ಬಂದರೆ ನಿಮ್ಮ ಮನೆಯ ನೀರಿನ ಪೈಪು ಒಡೆಯಬೇಡಿ ಎಂದಷ್ಟೇ ಹೇಳಿ ಒಳಗೆ ಹೋಗಬೇಡಿ. ನಿಂತು ಕೇಳಿ: ‘ಅಣ್ಣಾ, ಅಗೆಯೋದು ಆಮೇಲೆ. ಮೊದಲು ಕಾಗದ ತೋರಿಸಿ.’